ಮಗುವಿನ ಬಾಯಿಗೆ ಕೀಟನಾಶಕ ಹೋಗದಂತೆ

ಮಗು ಅಂಬೆಗಾಲಿಡುವ ಮನೆಯಲ್ಲಿ ಮೊದಲು ನೋಡಬೇಕಾದ್ದು ನೆಲ, ಆಮೇಲೆ ಹಣ್ಣು. ಜಿರಳೆಗೆ ಹೊಡೆದ ಸ್ಪ್ರೇ ಗಾಳಿಯಲ್ಲಿ ಸುಮ್ನೆ ಮಾಯವಾಗಲ್ಲ. ನೆಲ, ಚಾಪೆ, ಬಟ್ಟೆ ಗೊಂಬೆಗಳ ಮೇಲೆ ಕೂರುತ್ತದೆ. ನನ್ನ ಮಗಳು ಗೊಂಬೆ ಸಿಕ್ಕಿದರೆ ಮೊದಲು ಅದರ ಕಿವಿ ಚೀಪುತ್ತಾಳೆ! ಹಾಗಾಗಿ ನಮ್ಮಲ್ಲಿ ಸ್ಪ್ರೇ ಬಂದ್. ರಾತ್ರಿ ಎಂಜಲು ಪಾತ್ರೆ ಉಳಿಸುವುದಿಲ್ಲ, ಸಿಂಕ್ ಪೈಪಿನ ಸುತ್ತಲಿನ ಸಂದು ಮುಚ್ಚಿದ್ದೇನೆ. ಆದರೂ ಜಿರಳೆ ಬಂದರೆ, ಅವಳ ಕೈಗೆಟುಕದ ಮೂಲೆಯಲ್ಲಿ ಜಿರಳೆ ಜೆಲ್ಲಿನ ಒಂದೆರಡು ಚುಕ್ಕೆ ಇಡುತ್ತೇನೆ. ಚಪ್ಪಲಿ ಬಾಗಿಲಾಚೆ. ನೆಲಕ್ಕೆ ಒದ್ದೆ ಬಟ್ಟೆ. ಒಣ ಪೊರಕೆ ಧೂಳೆಬ್ಬಿಸುತ್ತದೆ, ಅಷ್ಟೇ.

ಇನ್ನು ಹಣ್ಣು, ತರಕಾರಿ. ನಲ್ಲಿ ನೀರಿನಡಿ ಹಿಡಿದು ಬೆರಳಿಂದ ಚೆನ್ನಾಗಿ ಉಜ್ಜಿ. ಸೇಬಿನ ತೊಟ್ಟಿನ ಗುಳಿಯನ್ನೂ ಬಿಡಬೇಡಿ. ಸೋಪು ಬೇಡ. ಎಲೆಕೋಸಿನ ಹೊರಗಿನ ಎಲೆಗಳನ್ನು ಕಿತ್ತು ಬಿಸಾಡಿ. ಸೇಬನ್ನು ಅಡುಗೆ ಸೋಡಾ ಬೆರೆಸಿದ ನೀರಲ್ಲಿ 12ರಿಂದ 15 ನಿಮಿಷ ನೆನೆಸಿದಾಗ ಸಿಪ್ಪೆಯ ಮೇಲಿದ್ದ ಎರಡು ಬಗೆಯ ಕೀಟನಾಶಕಗಳು ಹೋದದ್ದನ್ನು ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ತೋರಿಸಿದರು. ಒಳಗೆ ಇಳಿದದ್ದು ಮಾತ್ರ ತೊಳೆದರೆ ಪೂರ್ತಿ ಹೋಗಲ್ಲ. ಹಾಗಂತ ಹೆದರಿ ಹಣ್ಣು ನಿಲ್ಲಿಸಿಬಿಡ್ತೀರಾ? ಬೇಡ. ದಿನಾ ಒಂದೇ ಹಣ್ಣು ಕೊಡದೆ ಬದಲಿಸುತ್ತಿರಿ.