ಕಟ್ಟುತ್ತಿದ್ದ ಹಡಗಿನಲ್ಲಿ ಬಾಲ್ಕನಿ ಕೋಣೆಯನ್ನು ಆರಿಸಿಕೊಂಡ ಬಗೆ

ಹಾಸನದಲ್ಲಿ ಮನೆಗಳ ನಕ್ಷೆ ಬರೆದು ಕಟ್ಟಿಸಿಕೊಡುವುದು ನನ್ನ ವೃತ್ತಿ. ಕಾಗದದ ಮೇಲಿನ ಗೆರೆಗಳನ್ನು ನೋಡಿ, ನಾಳೆ ಆ ಕೋಣೆಯಲ್ಲಿ ಬೆಳಕು ಎಲ್ಲಿ ಬೀಳುತ್ತದೆ, ಸದ್ದು ಎಲ್ಲಿಂದ ಬರುತ್ತದೆ ಎಂದು ಮೊದಲೇ ಊಹಿಸುವುದು ದಿನನಿತ್ಯದ ಕೆಲಸ. ಆ ಅಭ್ಯಾಸವನ್ನು ಒಂದು ಹಡಗಿಗೆ ಅನ್ವಯಿಸಿ, ಅದು ಇನ್ನೂ ನೀರಿಗಿಳಿಯುವ ಮೊದಲೇ ನನಗೂ ಪತ್ನಿಗೂ ತಾಯಿಗೂ ಒಂದು ಬಾಲ್ಕನಿ ಕೋಣೆಯನ್ನು ಹೇಗೆ ಆರಿಸಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹಡಗಿನ ಹೆಸರು ಐಕಾನ್ ಆಫ್ ದ ಸೀಸ್, ರಾಯಲ್ ಕೆರಿಬಿಯನ್ ಕಂಪನಿಯ ಪ್ರವಾಸಿ ಹಡಗು. 2022ರ ಅಕ್ಟೋಬರ್‌ನಲ್ಲಿ ಕಾಯ್ದಿರಿಸಲು ಅವಕಾಶ ತೆರೆದಾಗ ಅದು ಫಿನ್‌ಲೆಂಡಿನ ತುರ್ಕು ನಗರದಲ್ಲಿ, ಮೈಯರ್ ತುರ್ಕು ಎಂಬ ಕಂಪನಿಯ ಹಡಗುಕಟ್ಟೆಯ ನೀರಿಲ್ಲದ ಹೊಂಡದಲ್ಲಿ, ಅಂದರೆ ಡ್ರೈ ಡಾಕ್‌ನಲ್ಲಿ ಅರೆಬರೆಯಾಗಿ ನಿಂತಿತ್ತು. 365 ಮೀಟರ್ ಉದ್ದ, 20 ಡೆಕ್‌ಗಳು ಅಂದರೆ ಅಂತಸ್ತುಗಳು, ಕೋಣೆಗೆ ಇಬ್ಬರಂತೆ ಲೆಕ್ಕ ಹಾಕಿದರೂ 5,610 ಪ್ರಯಾಣಿಕರು. ಅದರ ಗಾತ್ರ 2,48,663 ಗ್ರಾಸ್ ಟನ್ ಎಂದು ಎಲ್ಲೆಡೆ ಬರೆಯುತ್ತಾರೆ. ಅದು ತೂಕವಲ್ಲ, ಹಡಗಿನ ಒಳಾವರಣದ ಘನ ಅಳತೆಯಿಂದ ತೆಗೆದ ಅಂಕಿ. ಕಟ್ಟಡದವನಾದ ನನಗೆ ಈ ವಿಷಯ ತಿಳಿದ ಮೇಲೆಯೇ ಅದರ ನಿಜವಾದ ವಿಸ್ತಾರ ಮನಸ್ಸಿಗೆ ಬಂದದ್ದು.

ಆ ನಿರ್ಮಾಣವನ್ನು ನಾನು ಮನಸಾರೆ ಹಿಂಬಾಲಿಸಿದೆ. ಮೊದಲ ಉಕ್ಕಿನ ಹಾಳೆಯನ್ನು 2021ರ ಜೂನ್‌ನಲ್ಲಿ ಕತ್ತರಿಸಿದ್ದರು. 2022ರ ಏಪ್ರಿಲ್‌ನಲ್ಲಿ ಹಡಗಿನ ಬೆನ್ನೆಲುಬಾದ ಕೀಲ್ ಇರಿಸಿದ್ದರು. ಕೀಲ್ ಇರಿಸುವಾಗ ಅದರ ಅಡಿಯಲ್ಲಿ ನಾಣ್ಯವಿಡುವುದು ಹಡಗು ಕಟ್ಟುವವರ ಹಳೆಯ ಪದ್ಧತಿ, ಪಾಯ ಪೂಜೆಯ ದಿನ ನಮ್ಮವರು ಮೂಲೆಗಲ್ಲಿನ ಕೆಳಗೆ ಪಂಚಲೋಹ ಇಟ್ಟಂತೆಯೇ. ಆದರೆ ಅಲ್ಲಿಂದ ಮುಂದೆ ಮನೆ ಕಟ್ಟುವ ಕ್ರಮಕ್ಕೂ ಇದಕ್ಕೂ ಸಂಬಂಧವಿಲ್ಲ. ನಾವು ಗೋಡೆಯನ್ನು ಕೆಳಗಿನಿಂದ ಮೇಲಕ್ಕೆ ಏರಿಸುತ್ತೇವೆ; ಅಲ್ಲಿ ಹಲವು ಡೆಕ್‌ಗಳ ಎತ್ತರದ ಉಕ್ಕಿನ ಖಂಡಗಳನ್ನು ಬೇರೆ ಕಡೆ ಬೆಸೆದು, ಪೈಪು ಮತ್ತು ತಂತಿಗಳನ್ನು ಆದಷ್ಟು ಅಲ್ಲೇ ಜೋಡಿಸಿ, ಭಾರೀ ಕ್ರೇನಿನಿಂದ ಎತ್ತಿ ಡಾಕ್‌ಗೆ ಇಳಿಸುತ್ತಾರೆ. ಪ್ರಯಾಣಿಕರ ಕೋಣೆಗಳು ಸ್ನಾನಗೃಹದ ಸಮೇತ ಕಾರ್ಖಾನೆಯಲ್ಲಿ ಸಿದ್ಧವಾಗುತ್ತವೆ. ಈ ಹಡಗುಕಟ್ಟೆಗೆ ಪೀಕ್ಕಿಯೋ ಎಂಬಲ್ಲಿ ಅದಕ್ಕೆಂದೇ ಒಂದು ಕಾರ್ಖಾನೆಯಿದೆ. ಅಲ್ಲಿಂದ ಬಂದ ಕೋಣೆಗಳನ್ನು ಹಡಗಿನ ಪಾರ್ಶ್ವದಿಂದ ಒಳಗೆ ಸರಿಸಿ ಕೂರಿಸುತ್ತಾರೆ.

ಇದನ್ನು ವಿವರವಾಗಿ ಹೇಳುವುದಕ್ಕೆ ಕಾರಣವಿದೆ. ಒಂದೇ ದರ್ಜೆಯ ಕೋಣೆಗಳು ಒಂದೇ ಅಚ್ಚಿನಲ್ಲಿ ತಯಾರಾಗುವುದರಿಂದ, ಒಳಗಿನ ಮಂಚ, ಕಪಾಟು, ಬಚ್ಚಲುಗಳ ಬಗ್ಗೆ ತಲೆ ಕೆಡಿಸಿಕೊಳ್ಳುವ ಅಗತ್ಯ ಬಹಳ ಕಡಿಮೆ. ಒಂದು ಕೋಣೆ ಒಳ್ಳೆಯದೋ ಅಲ್ಲವೋ ಎಂಬುದು ಅದರ ಮೇಲೆ ಏನಿದೆ, ಕೆಳಗೆ ಏನಿದೆ, ಪಕ್ಕದ ಗೋಡೆಯಲ್ಲಿ ಬಾಗಿಲಿದೆಯೇ, ಹಡಗಿನ ಉದ್ದದಲ್ಲಿ ಅದು ಎಲ್ಲಿ ಕೂತಿದೆ ಎಂಬುದರ ಮೇಲೆ ನಿಂತಿದೆ. ಹೊಸ ಹಡಗಿನಲ್ಲಿ ಉಳಿದು ಬಂದವರ ಮಾತು ಕೇಳಲು ಸಿಗುವುದಿಲ್ಲ. ಡೆಕ್ ನಕ್ಷೆ ಮಾತ್ರ ಸಿಗುತ್ತದೆ, ಅದನ್ನು ಓದಬಲ್ಲವನಿಗೆ ಅದೇ ಸಾಕು.

ತಿಂಗಳನ್ನು ಮೊದಲು ನಿರ್ಧರಿಸಿದೆ. ಹಾಸನ ಸೀಮೆಯಲ್ಲಿ ಕಟ್ಟಡದ ಕೆಲಸ ನಿಧಾನವಾಗುವುದು ಮಳೆಗಾಲದಲ್ಲಿ, ನನಗೆ ಬಿಡುವಾಗುವುದೂ ಆಗಲೇ. ಆದರೆ ಹಡಗು ಅಮೆರಿಕದ ಮಯಾಮಿಯಿಂದ ಹೊರಟು ಕೆರಿಬಿಯನ್ ಸಮುದ್ರದಲ್ಲಿ ಏಳು ರಾತ್ರಿ ಸಂಚರಿಸುತ್ತದೆ. ಅಲ್ಲಿಯ ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಹೀಗಾಗಿ 2024ರ ಮೇ ತಿಂಗಳನ್ನು ಹಿಡಿದೆ. ಮೊದಲ ಯಾನ 2024ರ ಜನವರಿ 27ಕ್ಕೆ ನಿಗದಿಯಾಗಿತ್ತು. ಹೊಸ ಹಡಗು ಹೊರಟ ಮೊದಲ ವಾರಗಳಲ್ಲಿ ಸಿಬ್ಬಂದಿಯ ಕೈ ಇನ್ನೂ ಕುದುರಿರುವುದಿಲ್ಲ, ಮನೆಯ ಗೃಹಪ್ರವೇಶದ ಮರುದಿನವೂ ನಲ್ಲಿಯವನು, ಬಡಗಿ ಬಂದುಹೋಗುತ್ತಲೇ ಇರುವುದನ್ನು ಬಲ್ಲವನು ನಾನು; ಆದ್ದರಿಂದ ಕೆಲವು ತಿಂಗಳ ಅಂತರ ಬೇಕೆಂದೇ ಬಿಟ್ಟೆ. ಅಮೆರಿಕದ ವೀಸಾ ಸಂದರ್ಶನಕ್ಕೆ ಆಗ ಬಹಳ ಕಾಯಬೇಕಿದ್ದುದರಿಂದ ಅದಕ್ಕೂ ಸಮಯ ಸಿಕ್ಕಿತು. ಹಡಗು ಅಮೆರಿಕದಿಂದ ಹೊರಟು ಬೇರೆ ದೇಶಗಳಿಗೆ ಹೋಗಿ ಮತ್ತೆ ಅಲ್ಲಿಗೇ ಮರಳುವುದರಿಂದ, ಹಲವು ಬಾರಿ ಪ್ರವೇಶಿಸಲು ಅನುಮತಿ ಇರುವ ವೀಸಾ ಬೇಕು.

ಇನ್ನು ಬಾಲ್ಕನಿ. ಈ ಹಡಗಿನಲ್ಲಿ ಬಾಲ್ಕನಿ ಎಂದರೆ ಒಂದೇ ಬಗೆಯದಲ್ಲ. ಸಮುದ್ರದ ಕಡೆ ತೆರೆದ ಮಾಮೂಲಿ ಬಾಲ್ಕನಿಗಳಿವೆ. ಹಡಗಿನ ನಡುವೆ, ಎಂಟನೆಯ ಡೆಕ್‌ನಲ್ಲಿ, ಆಕಾಶಕ್ಕೆ ತೆರೆದುಕೊಂಡ ಸೆಂಟ್ರಲ್ ಪಾರ್ಕ್ ಎಂಬ ನಿಜವಾದ ಗಿಡಗಳ ತೋಟವಿದೆ. ಅದರತ್ತ ಮುಖ ಮಾಡಿದ ಒಳಬಾಲ್ಕನಿಗಳೂ ಇವೆ. ಮೂರನೆಯದು ಇನ್ಫಿನಿಟ್ ಬಾಲ್ಕನಿ: ಇಲ್ಲಿ ಹೊರಗೆ ಚಾಚಿದ ಜಗಲಿ ಇಲ್ಲ, ಕೋಣೆಯೇ ಹಡಗಿನ ಅಂಚಿನವರೆಗೆ ಬಂದು, ಗುಂಡಿ ಒತ್ತಿದರೆ ದೊಡ್ಡ ಕಿಟಕಿಯ ಮೇಲಿನ ಅರ್ಧ ಕೆಳಗಿಳಿಯುತ್ತದೆ. ಕೋಣೆ ವಿಶಾಲವಾಗುತ್ತದೆ ಎಂಬುದು ನಿಜ. ಆದರೂ ಅದನ್ನು ನಾನು ಬಿಟ್ಟೆ. ಒಬ್ಬರು ಹೊರಗೆ ಗಾಳಿಗೆ ಕೂರಬೇಕು, ಇನ್ನೊಬ್ಬರು ಒಳಗೆ ತಂಪಿನಲ್ಲಿ ಮಲಗಿರಬೇಕು ಎಂದರೆ ನಡುವೆ ಮುಚ್ಚುವ ಬಾಗಿಲು ಇರಲೇಬೇಕು. ಕೆರಿಬಿಯನ್ನಿನ ಮೇ ತಿಂಗಳ ಸೆಕೆಯಲ್ಲಿ ಕಿಟಕಿ ತೆರೆದೊಡನೆ ತೇವದ ಗಾಳಿ ಹಾಸಿಗೆಯವರೆಗೂ ಬರುತ್ತದೆ. ತೋಟದ ಕಡೆಯ ಕೋಣೆಗೆ ಬೆಲೆ ಕಡಿಮೆಯಿದ್ದರೂ, ಮಲೆನಾಡಿನ ಅಂಚಿನಿಂದ ಹೋದವರು ಸಮುದ್ರದ ನಡುವೆ ಕೂತು ಗಿಡ ನೋಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಎಲ್ಲಕ್ಕಿಂತ ಹೆಚ್ಚು ಯೋಚಿಸಿದ್ದು ತಾಯಿಯ ವಿಷಯವನ್ನು. ಶಿರಾಡಿ ಘಾಟಿಯ ತಿರುವುಗಳಲ್ಲಿ ಅವರಿಗೆ ಹೊಟ್ಟೆ ತೊಳಸುತ್ತದೆ. ಮಂಗಳೂರಿಗೆ ಹೋಗುವಾಗಲೆಲ್ಲ ಸಕಲೇಶಪುರ ದಾಟಿದ ಮೇಲೆ ಕಾರು ನಿಲ್ಲಿಸಲೇಬೇಕು. ಹಡಗು ಎರಡು ಬಗೆಯಲ್ಲಿ ಅಲುಗುತ್ತದೆ. ಮೂತಿಯೂ ಹಿಂಬದಿಯೂ ಒಂದಾದ ಮೇಲೊಂದು ಏಳುವ, ಇಳಿಯುವ ಉದ್ದುದ್ದದ ಏರಿಳಿತ ಒಂದು. ಎಡಕ್ಕೂ ಬಲಕ್ಕೂ ವಾಲುವ ಓಲಾಟ ಇನ್ನೊಂದು. ಓಲಾಟವನ್ನು ಹಡಗಿನ ಎರಡು ಬದಿಗೆ ನೀರಿನೊಳಗೆ ಚಾಚುವ ಸ್ಟೆಬಿಲೈಸರ್ ರೆಕ್ಕೆಗಳು ಬಹುಮಟ್ಟಿಗೆ ತಡೆಯುತ್ತವೆ, ಏರಿಳಿತವನ್ನು ತಡೆಯಲಾರವು. ಏರಿಳಿತ ಅತಿ ಕಡಿಮೆ ಇರುವುದು ಹಡಗಿನ ಉದ್ದದ ನಡುಭಾಗದಲ್ಲಿ, ಓಲಾಟದ ಅನುಭವ ಮೇಲೆ ಹೋದಷ್ಟೂ ಹೆಚ್ಚು. ಆದ್ದರಿಂದ ನಡುಭಾಗ, ಸಾಧ್ಯವಾದಷ್ಟು ಕೆಳಗೆ ಎಂಬುದು ಮೊದಲ ಗೆರೆಯಾಯಿತು. ಇದೇ ಗೆರೆ ಹಿಂಬದಿಯ ಕೋಣೆಗಳನ್ನೂ ಹೊರಗಿಟ್ಟಿತು, ಏಕೆಂದರೆ ಹಡಗನ್ನು ನೂಕುವ ಮೂರು ಅಜಿಪಾಡ್‌ಗಳು ಹಿಂಬದಿಯ ಅಡಿಯಲ್ಲಿವೆ, ಅವುಗಳ ನಡುಕ ಅಲ್ಲಿಗೆ ಮೊದಲು ತಲುಪುತ್ತದೆ. ಮೂತಿಯ ಅಡಿಯಲ್ಲಿ, ದಡಕ್ಕೆ ಬರುವಾಗ ಹಡಗನ್ನು ಪಕ್ಕಕ್ಕೆ ಸರಿಸುವ ಥ್ರಸ್ಟರ್‌ಗಳಿವೆ. ಬಂದರು ಮುಟ್ಟುವುದು ಹೆಚ್ಚಾಗಿ ನಸುಕಿನಲ್ಲಿ, ಆ ಗುಡುಗುಡು ಸದ್ದು ನಿದ್ದೆ ಕೆಡಿಸುತ್ತದೆ.

ಆಮೇಲೆ ನಕ್ಷೆಗಳನ್ನು ಒಂದೇ ಅಳತೆಗೆ ತಂದು ಟ್ರೇಸಿಂಗ್ ಕಾಗದದ ಮೇಲೆ ಮುದ್ರಿಸಿ, ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡಿದೆ. ಇದನ್ನು ಮಾಡದೆ ಯಾರೂ ಕೋಣೆ ಆರಿಸಬಾರದು ಎಂದೇ ನನ್ನ ದೃಢವಾದ ಅಭಿಪ್ರಾಯ. ಹದಿನೈದನೆಯ ಡೆಕ್‌ನಲ್ಲಿ ಬಫೆ ಭೋಜನಶಾಲೆಯಿದೆ. ಅದರ ಕೆಳಗಿನ ಕೋಣೆಗೆ ಬೆಳಗಿನ ಜಾವ ಕುರ್ಚಿ ಎಳೆಯುವ ಸದ್ದು ತಪ್ಪಿದ್ದಲ್ಲ. ಕೆಳಗೆ ಐದು ಮತ್ತು ಆರನೆಯ ಡೆಕ್‌ಗಳಲ್ಲಿ ಅಂಗಡಿ, ಸಂಗೀತ, ಜನಸಂದಣಿಯ ರಾಯಲ್ ಪ್ರೊಮನೇಡ್ ಬೀದಿ. ಅದರ ಹತ್ತಿರಕ್ಕೆ ಇಳಿದರೆ ರಾತ್ರಿ ಸದ್ದು ಮೇಲೇರುತ್ತದೆ, ಪ್ರಾಣರಕ್ಷಕ ದೋಣಿಗಳ ಸಾಲು ಕೆಳಗಿನ ನೋಟಕ್ಕೆ ಅಡ್ಡ ಬರುವುದೂ ಅಲ್ಲೇ. ಮೇಲೆಯೂ ಕೆಳಗೆಯೂ ಬರೀ ಮಲಗುವ ಕೋಣೆಗಳೇ ಇರುವ ಪದರ ಬೇಕಿತ್ತು. ಹತ್ತನೆಯ ಡೆಕ್ ಆ ಪರೀಕ್ಷೆಯಲ್ಲಿ ನಿಂತಿತು. ಅಲ್ಲಿಯೂ ಪಕ್ಕದ ಕೋಣೆಗೆ ಬಾಗಿಲಿರುವವನ್ನು ಬಿಟ್ಟೆ. ಎಷ್ಟು ಚೆನ್ನಾಗಿ ಮುಚ್ಚಿದರೂ ಬಾಗಿಲು ಗೋಡೆಯಷ್ಟು ಸದ್ದು ತಡೆಯಲಾರದು. ಲಿಫ್ಟಿನ ಬಾಗಿಲಿಗೆ ಎದುರಾದವನ್ನೂ ಬಿಟ್ಟೆ, ಆದರೆ ತಾಯಿಗೆ ನಡೆಯಲು ಕಷ್ಟವಾಗದಷ್ಟು ಹತ್ತಿರದಲ್ಲಿಯೇ ಹುಡುಕಿದೆ.

ಎಡಬದಿಯೋ ಬಲಬದಿಯೋ ಎಂಬ ಪ್ರಶ್ನೆ ಉಳಿಯಿತು. ಮನೆಯಾದರೆ ದಿಕ್ಕು ಒಮ್ಮೆ ಗೊತ್ತಾದರೆ ಮುಗಿಯಿತು; ಇಲ್ಲಿ ಹೋಗುವಾಗ ಉತ್ತರಕ್ಕಿದ್ದ ಬಾಲ್ಕನಿ ಬರುವಾಗ ದಕ್ಷಿಣಕ್ಕಾಗುತ್ತದೆ. ಮೇ ತಿಂಗಳಲ್ಲಿ ಆ ಅಕ್ಷಾಂಶದಲ್ಲಿ ಮಧ್ಯಾಹ್ನದ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೆಯೇ ಇರುವುದರಿಂದ ಬಿಸಿಲಿನ ಲೆಕ್ಕ ಎರಡು ಬದಿಗೂ ಸಮವಾಯಿತು. ಹಾಗಾಗಿ ನಿರ್ಗಮನದ ನೋಟವನ್ನೇ ಆಧಾರ ಮಾಡಿಕೊಂಡೆ. ಮಯಾಮಿ ಬಂದರಿನಿಂದ ಹಡಗು ಗವರ್ನ್‌ಮೆಂಟ್ ಕಟ್ ಎಂಬ ಕಾಲುವೆಯ ಮೂಲಕ ಪೂರ್ವಕ್ಕೆ ಸಮುದ್ರ ಸೇರುತ್ತದೆ, ಆಗ ಮಯಾಮಿ ಬೀಚ್‌ನ ದಕ್ಷಿಣ ತುದಿ ಎಡಕ್ಕೆ, ಫಿಶರ್ ದ್ವೀಪ ಬಲಕ್ಕೆ ಬರುತ್ತದೆ. ಎಡಬದಿಯನ್ನು ಹಿಡಿದೆ. ಸ್ವಲ್ಪ ಅಗ್ಗಕ್ಕೆ, ಬಾಲ್ಕನಿ ಖಚಿತ, ಕೋಣೆ ಯಾವುದೆಂದು ಕಂಪನಿಯೇ ನಂತರ ತಿಳಿಸುತ್ತದೆ ಎಂಬ ಬಗೆಯ ಟಿಕೆಟ್ಟೂ ಇತ್ತು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ಆಯ್ಕೆಯನ್ನು ಬೇರೆಯವರ ಕೈಗೆ ಕೊಡುವುದು ಸಾಧ್ಯವೇ ಇರಲಿಲ್ಲ.

2022ರ ಡಿಸೆಂಬರ್‌ನಲ್ಲಿ ಡಾಕ್‌ಗೆ ನೀರು ತುಂಬಿ ಹಡಗನ್ನು ಮೊದಲ ಬಾರಿಗೆ ತೇಲಿಸಿದ ಚಿತ್ರಗಳು ಬಂದಾಗ, ಬಾಲ್ಕನಿಗಳ ಖಾಲಿ ಚೌಕಗಳ ಸಾಲಿನಲ್ಲಿ ನಮ್ಮದು ಯಾವುದೆಂದು ಎಣಿಸಿ ಗುರುತಿಸಿ ತಾಯಿಗೆ ತೋರಿಸಿದೆ. 2023ರ ಜೂನ್‌ನಲ್ಲಿ ಸಮುದ್ರ ಪರೀಕ್ಷೆ ನಡೆಯಿತು. ಎಂಜಿನ್, ದಿಕ್ಕು ತಿರುಗಿಸುವ ವ್ಯವಸ್ಥೆಗಳ ಜೊತೆಗೆ ಸದ್ದು ಮತ್ತು ನಡುಕವನ್ನೂ ಆಗ ಅಳೆಯುತ್ತಾರೆ. ಅದೇ ವರ್ಷ ನವೆಂಬರ್ 27ರಂದು ಹಡಗು ಕಂಪನಿಯ ಕೈಸೇರಿತು. ಕೊನೆಯ ಕಂತು ಕಟ್ಟುವ ಮೊದಲು ಹೊಸದಾಗಿ ಪ್ರಕಟವಾದ ನಕ್ಷೆಯನ್ನು ನನ್ನ ಹಳೆಯ ಪ್ರತಿಯೊಂದಿಗೆ ಗೆರೆಗೆ ಗೆರೆ ಹೋಲಿಸಿದೆ. ನಮ್ಮ ಕೋಣೆಯ ಸುತ್ತಮುತ್ತ ಏನೂ ಬದಲಾಗಿರಲಿಲ್ಲ.

ಪ್ರಯಾಣದಲ್ಲಿ ತಾಯಿಗೆ ಒಮ್ಮೆಯೂ ಹೊಟ್ಟೆ ತೊಳಸಲಿಲ್ಲ. ಸಮುದ್ರ ಶಾಂತವಾಗಿದ್ದುದೂ ಅದಕ್ಕೆ ಕಾರಣವಿರಬಹುದು. ಆದರೆ ಗಾಳಿ ಬೀಸಿದ ಒಂದು ರಾತ್ರಿ ಮೇಲಿನ ಡೆಕ್‌ನಲ್ಲಿ ನಡೆಯುವಾಗ ತಿಳಿದ ಓಲಾಟ ನಮ್ಮ ಕೋಣೆಗೆ ಬಂದಾಗ ತಿಳಿಯುತ್ತಿರಲಿಲ್ಲ ಎಂಬುದನ್ನು ನಾನೇ ಕಂಡೆ. ಈಗ ಸಕಲೇಶಪುರದ ಗೆಳೆಯರೊಬ್ಬರು ಇದೇ ವರ್ಗದ, 2026ರಲ್ಲಿ ಬಾರ್ಸಿಲೋನಾದಿಂದ ಯಾನ ಮಾಡಲೆಂದು ಕಟ್ಟಿದ ಲೆಜೆಂಡ್ ಆಫ್ ದ ಸೀಸ್ ಹಡಗಿಗೆ ನನ್ನ ಟ್ರೇಸಿಂಗ್ ಹಾಳೆಗಳನ್ನು ಕೇಳಿ ಒಯ್ದಿದ್ದಾರೆ. ಪದರಗಳ ಲೆಕ್ಕವನ್ನು ಆ ಹಡಗಿನ ನಕ್ಷೆಯೊಂದಿಗೆ ತಾಳೆ ನೋಡಿ ಬಳಸಬಹುದು, ಬದಿಯ ಲೆಕ್ಕವನ್ನು ಮಾತ್ರ ಮೆಡಿಟರೇನಿಯನ್ ಮಾರ್ಗಕ್ಕೆ ಹೊಸದಾಗಿ ಹಾಕಬೇಕು ಎಂದು ಹಾಳೆಯ ಅಂಚಿನಲ್ಲಿ ಬರೆದುಕೊಟ್ಟಿದ್ದೇನೆ.