‘ಕತ್ತು ನೋಡಿ ಮೇಡಂ’: ಮೈಸೂರು ಝೂನಲ್ಲಿ ನನ್ನ ಭಾನುವಾರಗಳು

ನಾನು ಮೈಸೂರಿನಲ್ಲೇ ಹುಟ್ಟಿ ಬೆಳೆದವಳು. ಝೂಗೆ ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಮನೆಗೆ ನೆಂಟರು ಬಂದರೆ ಅರಮನೆ, ಚಾಮುಂಡಿ ಬೆಟ್ಟ, ಝೂ ಮೂರೂ ಆಗಲೇಬೇಕು. ಆದರೆ ಅಷ್ಟೂ ಸಲ ನೋಡಿದ್ದು ಒಂದೇ ರೀತಿ. ಒಂದು ಪ್ರಾಣಿಯ ಮುಂದೆ ಎರಡು ನಿಮಿಷ ನಿಲ್ಲುವುದು, ಮಗುವನ್ನು ಎತ್ತಿ ತೋರಿಸುವುದು, ಮುಂದಕ್ಕೆ ನಡೆಯುವುದು. ಕೆಲಸದಿಂದ ನಿವೃತ್ತಿಯಾಗಿ, ಸ್ವಯಂಸೇವಕಿಯಾಗಿ ಒಂದೇ ಕಡೆ ನಿಲ್ಲೋಕೆ ಶುರು ಮಾಡಿದ ಮೇಲೇ ನನಗೆ ಪ್ರಾಣಿಗಳು ಕಣ್ಣಿಗೆ ಬಿದ್ದಿದ್ದು.

ಝೂನಲ್ಲಿ ಸೇವೆ ಮಾಡ್ತೀನಿ ಅಂದ ಕೂಡಲೇ ಎಲ್ಲರೂ ಕೇಳುವುದು, ‘ಹುಲಿ ಮರೀನ ಎತ್ಕೊಂಡಿದ್ದೀರಾ?’ ಅಂತ. ಇಲ್ಲ. ಒಳಗೆ ಹೋಗುವುದು, ಊಟ ಹಾಕುವುದು, ಮೈ ಮುಟ್ಟುವುದು ಎಲ್ಲ ಕೀಪರ್‌ಗಳ ಕೆಲಸ. ನಮ್ಮ ಜಾಗ ಕಂಬಿಯ ಈಚೆ, ಜನರ ಜೊತೆ. ದಾರಿ ತೋರಿಸಬೇಕು, ಕೇಳಿದ್ದಕ್ಕೆ ಉತ್ತರ ಹೇಳಬೇಕು, ತಿಂಡಿ ಎಸೆಯುವ ಕೈಗಳನ್ನು ತಡೆಯಬೇಕು. ಮಂಗಳವಾರ ಝೂಗೆ ರಜೆ. ಭಾನುವಾರ ಮತ್ತು ದಸರಾ ದಿನಗಳಲ್ಲಿ ಜನ ಜಾಸ್ತಿ, ಹಾಗಾಗಿ ನನ್ನ ಪಾಳಿ ಭಾನುವಾರ. ಬೆಳಿಗ್ಗೆ ಎಂಟೂವರೆಗೆ ಗೇಟು ತೆಗೆದಾಗ ಹಳೇ ಮರಗಳ ಕೆಳಗೆ ಇನ್ನೂ ತಂಪಿರುತ್ತದೆ. 1892ರಲ್ಲಿ ಚಾಮರಾಜೇಂದ್ರ ಒಡೆಯರು ಬರೀ ಹತ್ತು ಎಕರೆಯಲ್ಲಿ ಶುರು ಮಾಡಿದ ಝೂ ಇದು. ಜನ ತುಂಬಿಕೊಳ್ಳುವ ಮುಂಚಿನ ಆ ಒಂದು ಗಂಟೆ ನನಗೆ ವಾರದ ಅತಿ ಇಷ್ಟದ ಹೊತ್ತು.

ಮೊದಲ ದಿನ ನನ್ನನ್ನು ಜಿರಾಫೆ ಹತ್ತಿರ ನಿಲ್ಲಿಸಿದರು. ಒಂದು ನೋಟ್‌ಬುಕ್ ಇಟ್ಟುಕೊಂಡಿದ್ದೆ. ನಿಮಿಷಕ್ಕೊಂದು ಸಲ ತಲೆ ಎತ್ತಿ, ಪ್ರಾಣಿ ಏನು ಮಾಡುತ್ತಿದೆಯೋ ಒಂದು ಪದದಲ್ಲಿ ಬರೆಯುವುದು ಅಂದುಕೊಂಡಿದ್ದೆ. ಅರ್ಧ ಗಂಟೆ ಕಳೆದ ಮೇಲೆ ಪುಟದ ತುಂಬ ಒಂದೇ ಪದ: ‘ನಿಂತಿದೆ’. ಪಕ್ಕದಲ್ಲಿ ಹೋಗುತ್ತಿದ್ದ ಹಿರಿಯ ಕೀಪರ್ ಒಬ್ಬರು ಪುಸ್ತಕ ಇಣುಕಿ ನೋಡಿದರು. ‘ಸುಮ್ನೆ ನಿಂತಿಲ್ಲ ಮೇಡಂ, ಮೆಲುಕು ಹಾಕ್ತಾ ಇದೆ. ಕತ್ತು ನೋಡಿ’ ಅಂದರು.

ನೋಡಿದೆ. ಬಾಯಿ ಆಡುತ್ತಿತ್ತು, ಕೆಳದವಡೆ ಅಡ್ಡಡ್ಡ ಹೋಗಿ ಬರುತ್ತಿತ್ತು. ಆಮೇಲೆ ನಿಂತಿತು. ನುಂಗಿದ ಉಂಡೆ ಚರ್ಮದ ಒಳಗೆ ಗುಬುಟಾಗಿ ಆ ಉದ್ದ ಕತ್ತಿನಲ್ಲಿ ಕೆಳಕ್ಕೆ ಜಾರಿತು. ಕೆಲವು ಸೆಕೆಂಡು ಏನೂ ಇಲ್ಲ. ಕಿವಿ ಮಾತ್ರ ಒಂದು ಸಲ ಅಲ್ಲಾಡಿತು. ಆಮೇಲೆ ಎದೆಯ ಹತ್ತಿರದಿಂದ ಇನ್ನೊಂದು ಉಂಡೆ ಸರ್ರನೆ ಮೇಲಕ್ಕೆ ಓಡಿತು. ಲಿಫ್ಟ್ ಹತ್ತಿದ ಹಾಗೆ! ಬಾಯಿಗೆ ಬಂದದ್ದೇ ತಡ, ಮತ್ತೆ ಅಗಿಯೋಕೆ ಶುರು. ನಾನು ಬಾಯಿಬಿಟ್ಟು ನೋಡುತ್ತಾ ನಿಂತುಬಿಟ್ಟೆ. ಐವತ್ತು ವರ್ಷದಿಂದ ಜಿರಾಫೆ ನೋಡಿದ್ದೇನೆ, ಇದನ್ನು ನೋಡಿರಲಿಲ್ಲ.

ಅಲ್ಲಿಂದ ಒಂದೊಂದೇ ಕಾಣತೊಡಗಿತು. ಮೈಮೇಲಿನ ಮಚ್ಚೆ ಒಂದರದ್ದು ಇನ್ನೊಂದಕ್ಕೆ ಇಲ್ಲ, ನಮ್ಮ ಹೆಬ್ಬೆಟ್ಟಿನ ಗುರುತಿನ ಹಾಗೆ. ಕುತ್ತಿಗೆಯ ಎಡಭಾಗದ ಒಂದೆರಡು ಮಚ್ಚೆಗಳ ಆಕಾರ ಬರೆದಿಟ್ಟುಕೊಂಡೆ. ಎರಡು ಮೂರು ವಾರದಲ್ಲಿ ದೂರದಿಂದಲೇ ಯಾರು ಯಾರು ಅಂತ ಗೊತ್ತಾಗುತ್ತಿತ್ತು. ಹೆಣ್ಣಿನ ಪುಟ್ಟ ಕೋಡಿನ ತುದಿಯಲ್ಲಿ ಕಪ್ಪು ಕೂದಲ ಕುಚ್ಚು ಇರುತ್ತದೆ. ದೊಡ್ಡ ಗಂಡಿನದ್ದು ಕಾದಾಡಿ ಕಾದಾಡಿ ಬೋಳಾಗಿರುತ್ತದೆ. ನಡೆಯುವಾಗ ಒಂದು ಕಡೆಯ ಎರಡೂ ಕಾಲು ಹೆಚ್ಚುಕಡಿಮೆ ಒಟ್ಟಿಗೆ ಮುಂದೆ ಹೋಗುತ್ತವೆ, ಅದಕ್ಕೇ ಆ ತೂಗಾಡುವ ನಡಿಗೆ. ಎತ್ತರಕ್ಕೆ ಕಟ್ಟಿದ ಸೊಪ್ಪಿಗೆ ನಾಲಿಗೆ ಚಾಚಿದರೆ ಸುಮಾರು 45 ಸೆಂಟಿಮೀಟರ್, ಕಪ್ಪು ನೇರಳೆ ಬಣ್ಣ. ಅಷ್ಟು ಉದ್ದದ ಕತ್ತಿನಲ್ಲಿ ಮೂಳೆ ಮಾತ್ರ ಏಳೇ, ನಮ್ಮ ಕತ್ತಿನಲ್ಲಿ ಇರುವಷ್ಟೇ! ಇದನ್ನು ಹೇಳಿದರೆ ಮಕ್ಕಳು ತಕ್ಷಣ ತಮ್ಮ ಕತ್ತಿನ ಹಿಂದೆ ಕೈ ಇಟ್ಟು ಎಣಿಸೋಕೆ ನೋಡುತ್ತಾರೆ.

ಗೊರಿಲ್ಲಾಗಳ ಹತ್ತಿರದ ಪಾಳಿ ಬೇರೆ ತರ. ಥಾಬೋ, ಡೆಂಬಾ ಅಂತ ಅಣ್ಣತಮ್ಮಂದಿರು, 2021ರಲ್ಲಿ ಜರ್ಮನಿಯಿಂದ ಬಂದವು. ಅಲ್ಲಿ ನಾನು ಜಾಸ್ತಿ ಮಾತಾಡುವುದಿಲ್ಲ. ಜನ ಬಂದ ಕೂಡಲೇ ಮುಷ್ಟಿ ಕಟ್ಟಿ ಎದೆ ಗುದ್ದಿಕೊಂಡು ಕೂಗುತ್ತಾರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಗೊರಿಲ್ಲಾಗೆ ಬೆದರಿಕೆ ಹಾಕಿದಂತೆ. ಎದೆ ಬಡಿಯುವುದಂತೂ ಜಗಳಕ್ಕೆ ಕರೆದ ಹಾಗೆ. ನಾನು ಮೆಲ್ಲಗೆ ಹೇಳುತ್ತೇನೆ: ‘ಅದು ಮುಷ್ಟಿಯಿಂದ ಹೊಡ್ಕೊಳ್ಳಲ್ಲ, ಅಂಗೈಯನ್ನ ಬಟ್ಟಲು ಮಾಡಿ ಹೊಡ್ಕೊಳ್ಳುತ್ತೆ. ಅದಕ್ಕೇ ಅಷ್ಟು ದೂರ ಕೇಳ್ಸೋದು. ಸ್ವಲ್ಪ ಹೊತ್ತು ಸುಮ್ನಿರೋಣ, ಅದರ ಬೆರಳು ನೋಡಿ.’ ಆ ದಪ್ಪ ಬೆರಳುಗಳು ಒಂದು ಕಡ್ಡಿ ಎತ್ತಿಕೊಂಡು ಸಿಪ್ಪೆ ಸುಲಿಯುವ ನಾಜೂಕು ಕಂಡಮೇಲೆ ಯಾರಿಗೂ ಕೂಗಬೇಕು ಅನ್ನಿಸುವುದಿಲ್ಲ.

ಇದನ್ನು ಕಲಿಯೋಕೆ ನನಗೆ ಸಮಯ ಹಿಡಿಯಿತು. ಮೊದಮೊದಲು ಬೈಯುತ್ತಿದ್ದೆ. ಒಂದು ಮಧ್ಯಾಹ್ನ ಮೂರು ಜನ ಹುಡುಗರು ಮಲಗಿದ್ದ ಪ್ರಾಣಿಯ ಕಡೆ ಕಡಲೆಕಾಯಿ ಎಸೆಯುತ್ತಿದ್ದರು. ವನ್ಯಜೀವಿ ಕಾಯ್ದೆ, 38-ಜೆ ಕಲಂ, ಝೂನಲ್ಲಿ ಪ್ರಾಣಿಗೆ ತಿನ್ನಿಸುವುದು, ಕೆಣಕುವುದು ಅಪರಾಧ ಅಂತೆಲ್ಲ ಜೋರಾಗಿ ಹೇಳಿದೆ. ಅವರು ನಕ್ಕು, ನಾನು ಆಚೆ ಹೋದ ಮೇಲೆ ಮತ್ತೆ ಎಸೆದರು. ಅವತ್ತು ಮನೆಗೆ ಬಂದು ಊಟ ಸೇರಲಿಲ್ಲ. ಕಾನೂನು ಇರುವುದು ಒಳ್ಳೆಯದೇ, ಗಾರ್ಡ್ ಕರೆಯಬೇಕಾದಾಗ ಈಗಲೂ ಕರೆಯುತ್ತೇನೆ. ಆದರೆ ಜನ ಎಸೆಯುವುದು ಬಹಳ ಸಲ ಕೆಟ್ಟತನದಿಂದ ಅಲ್ಲ. ಪ್ರಾಣಿ ‘ಏನೂ ಮಾಡ್ತಾ ಇಲ್ಲ’ ಅಂತ ಅವರಿಗೆ ಬೇಜಾರು. ನನ್ನ ಪುಸ್ತಕದ ಆ ‘ನಿಂತಿದೆ’ ಇತ್ತಲ್ಲ, ಅದೇ ಬೇಜಾರು. ಏನು ನೋಡಬೇಕು ಅಂತ ತೋರಿಸಿದರೆ ಎತ್ತಿದ ಕೈ ತಾನಾಗೇ ಇಳಿಯುತ್ತದೆ. ಈಗ ನನ್ನ ಮೊದಲ ಮಾತು ‘ಎಸೀಬೇಡಿ’ ಅಲ್ಲ, ‘ಇಲ್ಲಿ ಬನ್ನಿ, ಕತ್ತು ನೋಡಿ.’

ಝೂನಲ್ಲಿ ಸೇವೆ ಮಾಡಬೇಕು ಅನ್ನುವವರಿಗೆ ನನ್ನ ಅನುಭವದಿಂದ ಒಂದೇ ಮಾತು. ಇಡೀ ಝೂ ಸುತ್ತುವ ಆಸೆ ಬಿಡಿ. ಒಂದು ಪ್ರಾಣಿ ಆರಿಸಿಕೊಂಡು ತಿಂಗಳು ಪೂರ್ತಿ ಅದರ ಹತ್ತಿರವೇ ನಿಲ್ಲಿ. ಮೆತ್ತನೆಯ ಚಪ್ಪಲಿ, ನೀರು, ಟೋಪಿ, ಪುಟ್ಟ ಪುಸ್ತಕ ಸಾಕು. ಮೊಬೈಲು ಚೀಲದಲ್ಲೇ ಇರಲಿ. ಕೀಪರ್‌ಗಳು ಬಿಡುವಾಗಿದ್ದಾಗ ಕೇಳಿ, ಅವರಿಗೆ ಗೊತ್ತಿರುವುದರ ಕಾಲು ಭಾಗವೂ ಬೋರ್ಡಿನಲ್ಲಿ ಇರುವುದಿಲ್ಲ.

ಹೋದ ದಸರಾದಲ್ಲಿ ಹುಣಸೂರು ಕಡೆಯ ಒಂದು ದೊಡ್ಡ ಕುಟುಂಬ ಬಂದಿತ್ತು. ಮೊಮ್ಮಕ್ಕಳು ಫೋಟೊ ತೆಗೆದುಕೊಂಡು ಮುಂದೆ ಓಡಿದರು. ಅಜ್ಜಿ ಮಾತ್ರ ಕಂಬಿ ಹಿಡಿದು ನಿಂತಿದ್ದರು. ನಾನು ಹೇಳೋಕೆ ಬಾಯಿ ತೆರೆಯುವಷ್ಟರಲ್ಲಿ ಅವರೇ ಅಂದರು: ‘ನಮ್ ಎಮ್ಮೆನೂ ಇಂಗೇ ಕಣವ್ವಾ ಮೆಲುಕಾಕದು. ಇದರ ಕತ್ತು ಉದ್ದ, ಅದ್ಕೇ ಉಂಡೆ ಕಾಣ್ತದೆ.’ ಇಬ್ಬರೂ ಸೇರಿ ಅಗಿಯುವುದನ್ನು ಎಣಿಸೋಕೆ ಶುರು ಮಾಡಿದೆವು. ನಲವತ್ತು ದಾಟಿತ್ತು. ದೂರದಿಂದ ಹುಡುಗನೊಬ್ಬ ‘ಅಜ್ಜೀ, ಬಾ, ಹುಲಿ ನೋಡಣ’ ಅಂತ ಕೂಗಿದ.

‘ನೀವ್ ನಡೀರ್ಲಾ’ ಅಂದರು ಅಜ್ಜಿ, ಕಣ್ಣು ತೆಗೆಯದೆ. ‘ಇದು ಇನ್ನೊಂದುಂಡೆ ನುಂಗ್ಲಿ, ಬತ್ತೀನಿ.’