ಐಟಿ ಹೆಡ್ ಆದ್ಮೇಲೆ ಮೊದಲು ಕಲೀಬೇಕಾದ್ದು: ತೀರ್ಮಾನ ಯಾರದ್ದು ಅಂತ ಬರೆಸ್ಕೊಳ್ಳೋದು ಹೇಗೆ

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಗ್ರಾಹಕರ ಅಕೌಂಟುಗಳನ್ನ ಒಂದೇ ವೀಕೆಂಡಲ್ಲಿ ಹೊಸ ಸಿಸ್ಟಮ್‌ಗೆ ಹಾಕ್ತು. ಡೇಟಾ ಏನೋ ಸರಿಯಾಗೇ ಹೋಯ್ತು, ಆದ್ರೆ ಜನ ಲಾಗಿನ್ ಆಗೋಕೆ ಹೋದ್ರೆ ಪ್ಲಾಟ್‌ಫಾರ್ಮೇ ತಡ್ಕೊಳ್ಳಲಿಲ್ಲ, ಪೂರ್ತಿ ಸರಿಹೋಗೋಕೆ ಡಿಸೆಂಬರ್ ಬಂತು. 2022ರ ಡಿಸೆಂಬರ್‌ನಲ್ಲಿ ಬ್ಯಾಂಕಿಗೆ ಒಟ್ಟು 4.86 ಕೋಟಿ ಪೌಂಡ್ ದಂಡ ಬಿತ್ತು, ಅಲ್ಲಿಗೂ ಮುಗೀಲಿಲ್ಲ, 2023ರ ಏಪ್ರಿಲ್‌ನಲ್ಲಿ ಆಗಿನ ಸಿಐಒಗೆ (ಐಟಿ ಮುಖ್ಯಸ್ಥರಿಗೆ) ವೈಯಕ್ತಿಕವಾಗಿ 81,620 ಪೌಂಡ್ ದಂಡ ಹಾಕಿದ್ರು. ಅವರ ತಪ್ಪು ಕೋಡಿಂದಲ್ಲ. ಹೊಸ ಸಿಸ್ಟಮ್ ನಡೆಸಬೇಕಿದ್ದ ಕಂಪನಿ 'ನಾವು ರೆಡಿ' ಅಂದಾಗ ಅದನ್ನ ಸಾಕಷ್ಟು ಕೆದಕಿ ನೋಡಲಿಲ್ಲ ಅನ್ನೋದೇ ಆರೋಪ. ಆ ವೆಂಡರ್ ಹೊರಗಿನವನೂ ಅಲ್ಲ, ಮಾಲೀಕ ಗ್ರೂಪಿನದೇ ಐಟಿ ಕಂಪನಿ!

ನಮ್ಮ ಕಡೆ ಅಷ್ಟು ದೂರ ಹೋಗಲ್ಲ ಬಿಡಿ, ದಂಡ ಹಾಕೋಕೆ ಮುಂಚೆನೇ ಕೆಲಸ ಹೋಗಿರುತ್ತೆ. ಆದ್ರೆ ಡೆಲಿವರಿ ಮ್ಯಾನೇಜರ್ ಆಗಿ ಹತ್ತಾರು ವರ್ಷ ಕೆಲಸ ಮಾಡಿ ಈಗ ಯಾವುದೋ ಫ್ಯಾಕ್ಟರಿಗೋ ಎನ್‌ಬಿಎಫ್‌ಸಿಗೋ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ) ಆಸ್ಪತ್ರೆ ಗ್ರೂಪಿಗೋ ಸಿಐಒ ಅಂತ ಹೋಗ್ತಿರೋರು ಸುಮಾರು ಜನ ಇದ್ದಾರೆ, ಅವರಿಗೋಸ್ಕರ ಇದನ್ನ ಬರೀತಿದೀನಿ. ಟೆಕ್ನಾಲಜಿ ನಿಮಗೆ ಗೊತ್ತು. ಕಷ್ಟ ಇರೋದು ಬಿಸಿನೆಸ್‌ನವರು ತಗೋಬೇಕಾದ ತೀರ್ಮಾನಗಳೆಲ್ಲ ಸದ್ದಿಲ್ಲದೆ ನಿಮ್ಮ ಟೇಬಲ್‌ಗೆ ಬಂದು ಕೂತ್ಕೊಳ್ಳೋದ್ರಲ್ಲಿ, ಕೆಟ್ಟಾಗ ಮಾತ್ರ ಅದು 'ಐಟಿ ಪ್ರಾಬ್ಲಂ' ಆಗುತ್ತೆ.

ಮೊದಲ ತಿಂಗಳು ಸ್ಟ್ರಾಟಜಿ ಪಿಪಿಟಿ ಮಾಡ್ಬೇಡಿ

ಎಂಡಿ ಕೇಳ್ತಾರೆ, ನೂರು ದಿನದ ಪ್ಲಾನ್ ಕೊಡಿ ಅಂತ. ಸ್ವಲ್ಪ ಟೈಮ್ ಕೇಳಿ, ಕೇಳಿದ್ರೆ ಕೊಡ್ತಾರೆ. ಆ ಟೈಮಲ್ಲಿ ಶಿಫ್ಟ್ ಬದಲಾಗೋ ಹೊತ್ತಿಗೆ ಪ್ಲಾಂಟ್‌ಗೆ ಹೋಗಿ, ಸ್ಟೋರ್ಸ್‌ನಲ್ಲಿ ಕೂತ್ಕೊಂಡು ಮೆಟೀರಿಯಲ್ ಬಂದಾಗ ಜಿಆರ್‌ಎನ್ (ಮಾಲು ಬಂತು ಅನ್ನೋ ಎಂಟ್ರಿ) ಹೇಗೆ ಮಾಡ್ತಾರೆ ನೋಡಿ. ಸುಮಾರು ಕಡೆ ಏನಾಗುತ್ತೆ ಅಂದ್ರೆ ಲಾರಿ ಬೆಳಿಗ್ಗೆ ಬಂದಿರುತ್ತೆ, ಸ್ಟೋರ್ಸ್‌ನವರು ಒಂದು ಉದ್ದನೆ ನೋಟ್‌ಬುಕ್ಕಲ್ಲಿ ಬರ್ಕೊಂಡು ಮಾಲು ಲೈನಿಗೆ ಕೊಟ್ಬಿಟ್ಟಿರ್ತಾರೆ, ಸಿಸ್ಟಮಲ್ಲಿ ಎಂಟ್ರಿ ಆಗೋದು ಸಂಜೆ, ಅದೂ ಬೇರೆ ಯಾರದ್ದೋ ಲಾಗಿನ್‌ನಲ್ಲಿ. ಇಲ್ಲಿ ನೀವು ಎಷ್ಟು ಕೋಟಿಯ ಡ್ಯಾಶ್‌ಬೋರ್ಡ್ ಹಾಕಿದ್ರೂ ಮಧ್ಯಾಹ್ನದ ಸ್ಟಾಕ್ ಸುಳ್ಳೇ ತೋರ್ಸುತ್ತೆ. ಆ ನೋಟ್‌ಬುಕ್ಕನ್ನ ಬೈಬೇಡಿ, ಯಾಕೆ ಬೇಕಾಯ್ತು ಅಂತ ಕೇಳಿ. ಸ್ಕ್ರೀನಲ್ಲಿ ಹದಿನೈದು ಫೀಲ್ಡ್ ತುಂಬ್ಬೇಕು, ಲಾರಿ ಡ್ರೈವರ್ ಹಾರ್ನ್ ಹೊಡೀತಿರ್ತಾನೆ, ಇಷ್ಟೇ ಉತ್ತರ ಇರುತ್ತೆ.

ಹಾಗೇ 'ಅದು ಅವರಿಗೆ ಮಾತ್ರ ಗೊತ್ತು ಸಾರ್' ಅನ್ನೋ ವ್ಯಕ್ತಿ ಯಾರು ಅಂತ ಹುಡುಕಿ. ಪ್ರತಿ ಕಂಪನೀಲೂ ಒಬ್ಬರು ಇರ್ತಾರೆ, ಹಳೇ ಪೇರೋಲ್ ಪ್ರೋಗ್ರಾಮೋ, ಡಿಸ್ಪ್ಯಾಚ್ ಪ್ರಿಂಟ್ ಬರೋ ಸ್ಕ್ರಿಪ್ಟೋ ಅವರ ತಲೇಲೇ ಇರುತ್ತೆ. ಅವರ ಹೆಸರು, ಅವರು ನೋಡ್ಕೊಳ್ಳೋ ಸಿಸ್ಟಮ್ ಹೆಸರು ಬರ್ಕೊಳ್ಳಿ, ಇನ್ನೊಬ್ಬರನ್ನ ಪಕ್ಕ ಕೂರ್ಸಿ. ಹೊಸ ಬಾಸ್ ಬಂದ ತಕ್ಷಣ ಡಾಕ್ಯುಮೆಂಟ್ ಬರೀರಿ ಅಂದ್ರೆ ತೆಗೆದುಹಾಕೋಕೆ ರೆಡಿ ಮಾಡ್ತಿದಾರೆ ಅಂತ ಅನ್ಕೋತಾರೆ, ಅನ್ಕೊಳ್ಳೋದ್ರಲ್ಲಿ ತಪ್ಪೂ ಇಲ್ಲ. ಅದಕ್ಕೇ ರಜೆ ಲೆಕ್ಕದಿಂದ ಶುರು ಮಾಡಿ, ಅವರು ನೆಮ್ಮದಿಯಾಗಿ ಊರಿಗೆ ಹೋಗಿ ಬರಬೇಕು ಅಂದ್ರೆ ಯಾರಿಗೆ ಏನು ಹೇಳಿಕೊಡ್ಬೇಕು ಅಂತ.

ಒಂದು ಶೀಟ್, ಪ್ರತಿ ಸಿಸ್ಟಮ್‌ಗೆ ಒಂದು ಹೆಸರು

ಈ ಬರಹದಲ್ಲಿ ಇದೊಂದೇ ಮಾಡಿದ್ರೂ ಸಾಕು. ಒಂದು ಶೀಟ್ ತಗೊಳ್ಳಿ, ಎಡಗಡೆ ಎಲ್ಲಾ ಸಿಸ್ಟಮ್‌ಗಳ ಹೆಸರು, ಪಕ್ಕದಲ್ಲಿ ಬಿಸಿನೆಸ್ ಓನರ್ ಹೆಸರು. ಡಿಪಾರ್ಟ್‌ಮೆಂಟ್ ಹೆಸರಲ್ಲ, ಮನುಷ್ಯರ ಹೆಸರು. 'ಫೈನಾನ್ಸ್' ಅಂತ ಬರೆದ್ರೆ ಯಾರೂ ಅಲ್ಲ ಅಂತಲೇ ಅರ್ಥ. ಆ ಸಿಸ್ಟಮ್ ಎಷ್ಟು ಹೊತ್ತು ನಿಂತ್ರೆ ಪರವಾಗಿಲ್ಲ, ಯಾರಿಗೆ ಆಕ್ಸೆಸ್ ಕೊಡ್ಬೇಕು, ಬದಲಾವಣೆ ಯಾವುದು ಮೊದಲು ಯಾವುದು ಆಮೇಲೆ, ಇದೆಲ್ಲ ಆ ಹೆಸರಿನವರು ಹೇಳ್ಬೇಕು, ನೀವಲ್ಲ. ಮೊದಲ ಸಲ ಕಳಿಸಿದಾಗ ಅರ್ಧ ಜನ ಉತ್ತರನೇ ಕೊಡಲ್ಲ. ಓನರ್ ಕಾಲಮ್ ಖಾಲಿ ಬಿಟ್ಟು, ಹಾಗೇ ಎಂಡಿ ಮುಂದೆ ಸ್ಕ್ರೀನ್ ಮೇಲೆ ಹಾಕಿ. ಬೈಯೋದು ಬೇಡ, ವಿವರಣೆನೂ ಬೇಡ, ಖಾಲಿ ಜಾಗ ತಾನೇ ಮಾತಾಡುತ್ತೆ.

ಸೇಲ್ಸ್‌ನವರು ಡಿಸ್ಕೌಂಟ್ ಅಪ್ರೂವಲ್ ಬೇಡ ಅಂತಾರೆ, ಫೈನಾನ್ಸ್‌ನವರು ಮೂರು ಲೆವೆಲ್ ಅಪ್ರೂವಲ್ ಬೇಕು ಅಂತಾರೆ, ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅನ್ನೋ ಹಾಗೆ ಮಧ್ಯದಲ್ಲಿ ಐಟಿ ಟೀಮು ಒಂದೇ ಸ್ಕ್ರೀನನ್ನ ಹಾಕೋದು ತೆಗೆಯೋದು ಮಾಡ್ತಿರುತ್ತೆ. ಇಂಥ ಜಗಳಕ್ಕೆ ನೀವು ಪಂಚಾಯ್ತಿ ಮಾಡೋಕೆ ಹೋಗ್ಬೇಡಿ. ಎರಡೂ ಕಡೆಯವರ ಬೇಡಿಕೆನ ಒಂದೇ ಮೇಲ್‌ನಲ್ಲಿ ಹಾಕಿ, ಯಾವುದಕ್ಕೆ ಎಷ್ಟು ದಿನ ಹಿಡಿಯುತ್ತೆ ಅಂತ ಬರೆದು, ಇಬ್ಬರಲ್ಲಿ ಒಬ್ಬರು ಶುಕ್ರವಾರದ ಒಳಗೆ ಹೇಳದಿದ್ರೆ ಈಗ ಇರೋದೇ ಮುಂದುವರಿಯುತ್ತೆ ಅಂತ ಮುಗಿಸಿ. ಹೀಗೆ ಬರೆದ್ರೆ ಕೆಲವರಿಗೆ ಕೋಪ ಬರುತ್ತೆ, ಬರಲಿ.

ಇಆರ್‌ಪಿ ಬದಲಾಯಿಸೋ ವರ್ಷ ನಿಮ್ಮ ಪಾಲಿಗೆ ಬಂದ್ರೆ

ಇಆರ್‌ಪಿ ಅಂದ್ರೆ ಸ್ಟಾಕ್, ಬಿಲ್ಲಿಂಗ್, ಅಕೌಂಟ್ಸ್ ಎಲ್ಲಾ ಒಂದೇ ಕಡೆ ನಡೆಸೋ ಸಾಫ್ಟ್‌ವೇರ್. ಅದನ್ನ ಮಾರೋ ದೊಡ್ಡ ಕಂಪನಿ ಎಸ್‌ಎಪಿಯ ಹಳೇ ವರ್ಷನ್ ಇಸಿಸಿಗೆ ಮುಖ್ಯ ಸಪೋರ್ಟ್ 2027ರ ಕೊನೆಗೆ ಮುಗಿಯುತ್ತೆ, ಹಾಗಾಗಿ ಸುಮಾರು ಕಂಪನಿಗಳಲ್ಲಿ ಈಗ ಇದೇ ಗಲಾಟೆ. ವೆಂಡರ್‌ಗಳು ಆ ತಾರೀಖು ತೋರ್ಸಿ ತೋರ್ಸಿ ಹೆದರಿಸ್ತಾರೆ. ದುಡ್ಡು ಜಾಸ್ತಿ ಕೊಟ್ರೆ 2030ರವರೆಗೆ ಸಪೋರ್ಟ್ ಸಿಗುತ್ತೆ ಅನ್ನೋದನ್ನ ಅಷ್ಟು ಜೋರಾಗಿ ಹೇಳಲ್ಲ.

ಇಲ್ಲಿ ಎರಡು ಹಳೇ ಕಥೆ ನೆನಪಲ್ಲಿ ಇಟ್ಕೊಳ್ಳಿ. ಜರ್ಮನಿಯ ಸೂಪರ್‌ಮಾರ್ಕೆಟ್ ಕಂಪನಿ ಲಿಡ್ಲ್ ಏಳು ವರ್ಷ ಎಳೆದು, ಸುಮಾರು 50 ಕೋಟಿ ಯೂರೋ ಸುರಿದು, 2018ರಲ್ಲಿ ಎಸ್‌ಎಪಿ ಪ್ರಾಜೆಕ್ಟನ್ನೇ ಕೈಬಿಡ್ತು. ಅವರು ಸ್ಟಾಕ್ ಲೆಕ್ಕ ಹಾಕ್ತಿದ್ದಿದ್ದು ಕೊಂಡ ಬೆಲೆಯಲ್ಲಿ, ಆ ಸಾಫ್ಟ್‌ವೇರಿನ ರೂಢಿ ಮಾರೋ ಬೆಲೆಯಲ್ಲಿ, ಲಿಡ್ಲ್ ತನ್ನ ಪದ್ಧತಿ ಬಿಡಲ್ಲ ಅಂದಿದ್ದಕ್ಕೆ ಸಾಫ್ಟ್‌ವೇರನ್ನ ಬಗ್ಗಿಸ್ತಾ ಹೋದ್ರು. 'ನಮ್ಮ ಬಿಸಿನೆಸ್ ಬೇರೆ ಥರ' ಅನ್ನೋ ಮಾತು ನಿಮಗೂ ವಾರಕ್ಕೊಂದು ಸಲ ಕೇಳ್ಸುತ್ತೆ. ಕೇಳಿಸಿದಾಗ ಆಗಲ್ಲ ಅನ್ಬೇಡಿ, ಈ ಕಸ್ಟಮೈಸೇಷನ್‌ಗೆ ಈಗ ಇಷ್ಟು, ಪ್ರತಿ ಅಪ್‌ಗ್ರೇಡಲ್ಲೂ ಮತ್ತೆ ಇಷ್ಟು, ಯಾರ ಬಜೆಟಿಂದ ಅಂತ ಕೇಳಿ. ಬೇಡಿಕೆಯ ಪಟ್ಟಿ ಅಲ್ಲೇ ಅರ್ಧಕ್ಕೆ ಇಳಿಯುತ್ತೆ.

ಇನ್ನೊಂದು ಹರ್ಷೀಸ್ ಚಾಕೊಲೇಟ್ ಕಂಪನಿದು. 1999ರಲ್ಲಿ ಅವರ ಹೊಸ ಸಿಸ್ಟಮ್ ಶುರುವಾಗಿದ್ದು ಜುಲೈನಲ್ಲಿ, ಹ್ಯಾಲೋವೀನ್ ಆರ್ಡರ್‌ಗಳು ಬೀಳೋ ಹೊತ್ತಿಗೆ ಸರಿಯಾಗಿ. ಗೋಡೌನಲ್ಲಿ ಮಾಲು ಇತ್ತು, ಕಳ್ಸೋಕೆ ಆಗ್ಲಿಲ್ಲ, ಸುಮಾರು 10 ಕೋಟಿ ಡಾಲರ್ ಆರ್ಡರ್ ಕೈತಪ್ಪಿತು ಅಂತ ಲೆಕ್ಕ. ನಮ್ಮಲ್ಲಿ ಇದರ ಪಾಠ ಏನಂದ್ರೆ ದಸರಾ ದೀಪಾವಳಿ ಸೀಸನ್ ಇರೋ ಬಿಸಿನೆಸ್ ಆದ್ರೆ ಆಗಸ್ಟ್‌ನಿಂದ ನವೆಂಬರ್‌ವರೆಗೆ ಗೋ-ಲೈವ್ (ಹೊಸ ಸಿಸ್ಟಮ್ ಶುರು ಮಾಡೋದು) ಬೇಡ, ಮಾರ್ಚ್ ಎಂಡ್ ಹತ್ರನೂ ಬೇಡ. ಆಯುಧಪೂಜೆ ದಿನ ಒಳ್ಳೆ ಮುಹೂರ್ತ, ಅವತ್ತೇ ಶುರು ಮಾಡೋಣ ಅಂತ ಯಾರಾದ್ರೂ ಅಂದ್ರೆ ಸರ್ವರ್‌ಗೆ ಕುಂಕುಮ ಹಚ್ಚಿ ಪೂಜೆ ಮಾಡಿ, ಕಟ್‌ಓವರ್ (ಹಳೇದು ನಿಲ್ಲಿಸಿ ಹೊಸದಕ್ಕೆ ಹೋಗೋದು) ಮಾತ್ರ ಬೇರೆ ದಿನ ಇಟ್ಕೊಳ್ಳಿ.

ಯುಎಟಿ ಸೈನ್-ಆಫ್, ಅಂದ್ರೆ ಬಳಸೋರೇ ಟೆಸ್ಟ್ ಮಾಡಿ ಒಪ್ಪಿಗೆ ಕೊಡೋದು, ಎಲ್ಲಾ ಕಡೆ ನಾಟಕ ಆಗಿದೆ. ಡಿಪಾರ್ಟ್‌ಮೆಂಟ್ ಹೆಡ್ ತಮ್ಮ ಜೂನಿಯರ್‌ನ ಕಳಿಸ್ತಾರೆ, ಅವರು ವೆಂಡರ್ ಮೊದ್ಲೇ ರೆಡಿ ಮಾಡಿಟ್ಟ ಡೇಟಾದಲ್ಲಿ ಮೂರು ಎಂಟ್ರಿ ಹಾಕಿ ಟಿಕ್ ಹೊಡೀತಾರೆ. ಇದರ ಬದಲು ಹೋದ ತಿಂಗಳಿನ ಒಂದು ನಿಜವಾದ ದಿನ ಆರಿಸ್ಕೊಳ್ಳಿ, ತುಂಬಾ ರಷ್ ಇದ್ದ ದಿನ. ಆ ದಿನದ ಎಲ್ಲಾ ಆರ್ಡರ್, ರಿಟರ್ನ್, ಕ್ಯಾನ್ಸಲ್ ಆದ ಇನ್‌ವಾಯ್ಸ್, ಅರ್ಧ ಲೋಡ್ ಬಂದ ಲಾರಿ, ಎಲ್ಲವನ್ನೂ ಆಯಾ ಕೆಲಸ ಮಾಡೋರೇ ಹೊಸ ಸಿಸ್ಟಮಲ್ಲಿ ಹಾಕ್ಲಿ, ಸಂಜೆ ಕ್ಲೋಸಿಂಗ್ ಸ್ಟಾಕ್ ಹಳೇದಕ್ಕೆ ತಾಳೆ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಸೈನ್-ಆಫ್ ಇಲ್ಲ. ಗೋ-ಲೈವ್ ತಡ ಆಗುತ್ತೆ ನಿಜ, ತಡ ಆಯ್ತು ಅಂತ ಬೈಸ್ಕೊಳ್ಳೋದು ಒಂದು ತಿಂಗಳ ಮಾತು.

ವೆಂಡರ್ ಹತ್ರ ಏನು ಕೇಳ್ಬೇಕು

'ರೆಡಿನಾ?' ಅಂತ ಕೇಳ್ಬೇಡಿ, ಯಾರು ತಾನೇ ಇಲ್ಲ ಅಂತಾರೆ. ಎಷ್ಟು ಯೂಸರ್ ಒಟ್ಟಿಗೆ ಹಾಕಿ ಟೆಸ್ಟ್ ಮಾಡಿದ್ರಿ, ಆ ರಿಪೋರ್ಟ್ ಕೊಡಿ, ಟೆಸ್ಟ್ ಮಾಡಿದ್ದು ಲೈವ್‌ಗೆ ಹೋಗೋ ಅದೇ ಡೇಟಾಸೆಂಟರ್‌ನಲ್ಲಾ, ನಿಮ್ಮ ಕೆಳಗೆ ಯಾವ ಯಾವ ಸಬ್‌-ವೆಂಡರ್ ಇದ್ದಾರೆ, ಅವರಿಂದ ನೀವು ಏನು ಬರೆಸ್ಕೊಂಡಿದ್ದೀರಿ? ಟಿಎಸ್‌ಬಿ ಎಡವಿದ್ದೂ ಇಂಥ ಪ್ರಶ್ನೆಗಳ ಹತ್ರನೇ. ಆಮೇಲೆ ವಾಪಸ್ ಬರೋ ಪ್ಲಾನ್. ಭಾನುವಾರ ಎಷ್ಟು ಗಂಟೆಯೊಳಗೆ ಹಳೇ ಸಿಸ್ಟಮ್‌ಗೆ ಹಿಂದಿರುಗಬಹುದು, ಹಿಂದಿರುಗೋಣ ಅಂತ ಹೇಳೋ ಅಧಿಕಾರ ಯಾರಿಗೆ, ಇದನ್ನ ಶುಕ್ರವಾರನೇ ಬರೆದಿಡಿ, ಯಾಕಂದ್ರೆ ಭಾನುವಾರ ಬೆಳಗಿನ ಜಾವ ನಾಲ್ಕು ಗಂಟೆಗೆ ಯಾರ ತಲೆನೂ ಓಡಲ್ಲ, ಎಲ್ಲರಿಗೂ ಇನ್ನೊಂದು ಅರ್ಧ ಗಂಟೇಲಿ ಆಗ್ಬಿಡುತ್ತೆ ಅಂತಲೇ ಅನ್ಸೋದು.

ದುಡ್ಡು ಕೇಳೋ ರೀತಿ

ಸಿಎಫ್‌ಒ (ಹಣಕಾಸು ಮುಖ್ಯಸ್ಥರು) ಮುಂದೆ 'ಸರ್ವರ್ ಎಂಡ್ ಆಫ್ ಲೈಫ್ ಆಗಿದೆ' ಅಂದ್ರೆ ಓಡ್ತಾ ಇದ್ಯಲ್ಲ ಅಂತಾರೆ. ಅದನ್ನೇ 'ಈ ಸರ್ವರ್ ನಿಂತ ದಿನ ಡಿಸ್ಪ್ಯಾಚ್ ನಿಲ್ಲುತ್ತೆ, ಸ್ಪೇರ್ ಬರೋಕೆ ಮೂರು ದಿನ, ಮೂರು ದಿನದ ಬಿಲ್ಲಿಂಗ್ ಎಷ್ಟು ಅಂತ ನೀವೇ ಹೇಳಿ' ಅನ್ನಿ. ನಂಬರ್ ಅವರ ಬಾಯಿಂದ ಬಂದ್ರೆ ಅದನ್ನ ಅವರೇ ಪ್ರಶ್ನೆ ಮಾಡೋಕಾಗಲ್ಲ. ಆದ್ರೂ ಈ ವರ್ಷ ಬೇಡ ಅಂತ ಹೇಳಬಹುದು, ಅದು ಅವರ ಹಕ್ಕು. ರಿಸ್ಕ್ ರಿಜಿಸ್ಟರ್‌ನಲ್ಲಿ ತಾರೀಖು ಹಾಕಿ, 'ಮುಂದಿನ ವರ್ಷಕ್ಕೆ ಮುಂದೂಡಲಾಗಿದೆ, ಒಪ್ಪಿದವರು ಇಂಥವರು' ಅಂತ ಬರೆದು ಅವರಿಗೇ ಒಂದು ಕಾಪಿ ಕಳ್ಸಿ. ಈ ಒಂದು ಸಾಲು ನೋಡಿ ಮನಸ್ಸು ಬದಲಾಯಿಸಿದೋರೂ ಇದ್ದಾರೆ.

ಬ್ಯಾಂಕು, ಫೈನಾನ್ಸ್ ಕಂಪನಿಯವರಿಗೆ ಇದನ್ನ ಹೇಳೋದು ಈಗ ಸುಲಭ ಆಗಿದೆ. 2024ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕ್ ಕೋಟಕ್ ಮಹೀಂದ್ರ ಬ್ಯಾಂಕಿಗೆ ಆನ್‌ಲೈನಲ್ಲಿ ಹೊಸ ಗ್ರಾಹಕರನ್ನ ಸೇರಿಸ್ಬೇಡಿ, ಹೊಸ ಕ್ರೆಡಿಟ್ ಕಾರ್ಡ್ ಕೊಡ್ಬೇಡಿ ಅಂತು, ಆ ನಿರ್ಬಂಧ ತೆಗೆದಿದ್ದು 2025ರ ಫೆಬ್ರವರಿಯಲ್ಲಿ. ಆ ಆದೇಶದಲ್ಲಿ ಕೊಟ್ಟ ಕಾರಣಗಳನ್ನ ಓದಿ: ಯಾವ ಮೆಷೀನ್ ಎಲ್ಲಿದೆ ಅನ್ನೋ ಲೆಕ್ಕ, ಪ್ಯಾಚ್, ಯೂಸರ್ ಆಕ್ಸೆಸ್, ವೆಂಡರ್ ರಿಸ್ಕ್, ಡೇಟಾ ಸೆಕ್ಯುರಿಟಿ, ಡಿಆರ್ (ಸಿಸ್ಟಮ್ ಬಿದ್ದಾಗ ಮತ್ತೆ ಎಬ್ಬಿಸೋ ವ್ಯವಸ್ಥೆ). ಎಲ್ಲಾ ಬೇಜಾರು ಹಿಡ್ಸೋ ಕೆಲಸಗಳೇ, ಯಾವ ಅವಾರ್ಡ್ ಫಂಕ್ಷನ್‌ನಲ್ಲೂ ಚಪ್ಪಾಳೆ ಸಿಗದಿರೋ ಕೆಲಸಗಳು. ಆ ಪಟ್ಟಿಯನ್ನೇ ಪ್ರಿಂಟ್ ತೆಗೆದು ನಿಮ್ಮ ಬಜೆಟ್ ಶೀಟಿನ ಮೊದಲ ಪುಟ ಮಾಡ್ಕೊಳ್ಳಿ.

ಎಐ ಬಗ್ಗೆ ಜಾಸ್ತಿ ಬರೆಯಲ್ಲ. ಎಂಡಿ ಯಾವುದೋ ಕಾನ್ಫರೆನ್ಸಿಂದ ಬಂದು ನಮ್ಮದು ಎಐ ಯಾವಾಗ ಅಂತ ಕೇಳೇ ಕೇಳ್ತಾರೆ. ಯಾವ ಕೆಲಸ, ಯಾರು ಮಾಡ್ತಿದಾರೆ, ಈಗ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳಿ, ಉತ್ತರ ಇದ್ರೆ ಚಿಕ್ಕದಾಗಿ ಶುರು ಮಾಡಿ. ಅಷ್ಟರಲ್ಲಿ ಸ್ಟಾಫು ಆಗ್ಲೇ ಫ್ರೀ ಟೂಲ್‌ಗಳಲ್ಲಿ ಕಂಪನಿ ಡೇಟಾ ಹಾಕ್ತಿರ್ತಾರೆ. 2023ರಲ್ಲಿ ಸ್ಯಾಮ್ಸಂಗ್ ಎಂಜಿನಿಯರ್‌ಗಳು ಚಾಟ್‌ಜಿಪಿಟಿಗೆ ಸೋರ್ಸ್ ಕೋಡ್ ಹಾಕಿದ್ದು ಗೊತ್ತಾಗಿ ಕಂಪನಿ ಅಂಥ ಟೂಲ್‌ಗಳನ್ನೇ ನಿಲ್ಲಿಸ್ತು. ಬರೀ ಬ್ಯಾನ್ ಮಾಡಿದ್ರೆ ಜನ ಮೊಬೈಲಲ್ಲಿ ಮಾಡ್ತಾರೆ, ದುಡ್ಡು ಕೊಟ್ಟು ಒಂದು ಸರಿಯಾದ ಟೂಲ್ ಕೊಡ್ಸಿ, ಏನು ಹಾಕಬಾರದು ಅಂತ ಐದು ಸಾಲಲ್ಲಿ ಕನ್ನಡದಲ್ಲೂ ಬರೆದು ಅಂಟಿಸಿ.

ಜನ ಉಳಿಯೋದು

ಬೆಂಗಳೂರಲ್ಲಿ ಎದುರಿಗೇ ಮಲ್ಟಿನ್ಯಾಷನಲ್‌ಗಳ ಜಿಸಿಸಿ (ಅವರದೇ ಟೆಕ್ ಆಫೀಸು) ಇರುವಾಗ ಸಂಬಳದಲ್ಲಿ ನೀವು ಗೆಲ್ಲಲ್ಲ. ರಾತ್ರಿ ಕಾಲ್ ಯಾರಿಗೆ ಎಷ್ಟು ಸಲ ಬಂತು ಅಂತ ತಿಂಗಳ ಲೆಕ್ಕ ತೆಗೀರಿ, ಒಬ್ಬರ ಹೆಸರೇ ಮತ್ತೆ ಮತ್ತೆ ಬಂದ್ರೆ ಮೊದಲು ರಿಸೈನ್ ಮಾಡೋದು ಅವರೇ. ರಾತ್ರಿ ಕೆಲಸ ಮಾಡಿದೋರಿಗೆ ಮಾರನೇ ದಿನ ರಜೆ, ಕೇಳದೇನೇ. ಮತ್ತೆ ಬಿಸಿನೆಸ್‌ನವರು ನಿಮ್ಮ ಟೀಮಿನವರ ಮೇಲೆ ಮೀಟಿಂಗಲ್ಲಿ ಕೂಗಾಡಿದ್ರೆ ಆ ಕ್ಷಣಕ್ಕೇ ನಡುವೆ ಬನ್ನಿ, ಆಮೇಲೆ ಕ್ಯಾಬಿನ್‌ಗೆ ಕರೆದು ಸಮಾಧಾನ ಹೇಳೋದು ಲೆಕ್ಕಕ್ಕಿಲ್ಲ.

ಸಿಸ್ಟಮ್ ಬಿದ್ದ ದಿನಕ್ಕೆ

ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನದ ಪ್ರಕಾರ ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡ್ಬೇಕು, ಲಾಗ್‌ಗಳನ್ನ 180 ದಿನ ಇಟ್ಕೊಂಡಿರ್ಬೇಕು. 2023ರ ಡಿಪಿಡಿಪಿ (ವೈಯಕ್ತಿಕ ಡೇಟಾ ರಕ್ಷಣೆ) ಕಾಯ್ದೆಯಲ್ಲಿ ಜನರ ಡೇಟಾ ಸರಿಯಾಗಿ ಕಾಪಾಡದಿದ್ರೆ 250 ಕೋಟಿ ರೂಪಾಯಿವರೆಗೂ ದಂಡ ಇದೆ. ಆರು ಗಂಟೆ ಅಂದ್ರೆ ಏನೂ ಅಲ್ಲ, ಎಂಡಿ ಫ್ಲೈಟಲ್ಲಿ ಇದ್ರೆ ಅರ್ಧ ಅಲ್ಲೇ ಹೋಯ್ತು. ಯಾರು ಫೋನ್ ಮಾಡ್ಬೇಕು, ಯಾರು ಬರೀಬೇಕು, ಎಂಡಿ ಸಿಗದಿದ್ರೆ ಯಾರ ಒಪ್ಪಿಗೆ, ಪೇಪರ್ ಮೇಲೆ ಇರ್ಲಿ, ಶೇರ್‌ಪಾಯಿಂಟಲ್ಲಿ (ಕಂಪನಿ ಫೈಲ್ ಇಡೋ ಆನ್‌ಲೈನ್ ಜಾಗ) ಇಟ್ರೆ ಅವತ್ತು ಅದೂ ಓಪನ್ ಆಗಲ್ಲ.

ಬ್ಯಾಕಪ್ ಗ್ರೀನ್ ತೋರ್ಸುತ್ತೆ ಅಂತ ನಂಬ್ಬೇಡಿ. ಮೂರು ತಿಂಗಳಿಗೊಂದು ಸಲ ಬೇರೆ ಮೆಷೀನಲ್ಲಿ ಡೇಟಾಬೇಸ್ ರಿಸ್ಟೋರ್ ಮಾಡ್ಸಿ, ಅಕೌಂಟ್ಸ್‌ನಿಂದ ಒಬ್ಬರನ್ನ ಕರೆದು ಟ್ರಯಲ್ ಬ್ಯಾಲೆನ್ಸ್ ತೆಗೆಸಿ, ಸರಿ ಇದೆ ಅಂತ ಅವರ ಕೈಲಿ ಸಹಿ ಹಾಕ್ಸಿ. 2017ರ ನಾಟ್‌ಪೆಟ್ಯ ಅನ್ನೋ ಸೈಬರ್ ದಾಳೀಲಿ ಮೇರ್ಸ್ಕ್ ಹಡಗು ಕಂಪನಿ 45,000 ಪಿಸಿ, 4,000 ಸರ್ವರ್ ಹೊಸದಾಗಿ ಕಟ್ಬೇಕಾಯ್ತು, ಅವರ ಆಕ್ಟಿವ್ ಡೈರೆಕ್ಟರಿ (ಯಾರು ಎಲ್ಲಿ ಲಾಗಿನ್ ಆಗ್ಬಹುದು ಅನ್ನೋ ಪಟ್ಟಿ) ಉಳಿದಿದ್ದು ಘಾನಾದಲ್ಲಿ ಕರೆಂಟ್ ಹೋಗಿ ಆಫ್ ಆಗಿದ್ದ ಒಂದೇ ಸರ್ವರಿಂದ. ನಿಮಗೆ ಹಾಗೆ ಕರೆಂಟ್ ಹೋಗೋ ಅದೃಷ್ಟ ಇರ್ಬೇಕಲ್ಲ!

ಕೊನೇದಾಗಿ ಪೇಪರ್ ಕೆಲಸ. 2024ರ ಜುಲೈ 19ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಸಾಫ್ಟ್‌ವೇರಿನ ಅಪ್‌ಡೇಟಿಂದ 85 ಲಕ್ಷ ವಿಂಡೋಸ್ ಮೆಷೀನ್ ನಿಂತಾಗ ನಮ್ಮ ಏರ್‌ಪೋರ್ಟ್‌ಗಳಲ್ಲಿ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ರು, ಜನ ನಕ್ಕರು, ಕೆಲವು ವಿಮಾನ ರದ್ದಾದ್ರೂ ಉಳಿದವು ಹೋದ್ವು. ನಿಮ್ಮ ಪ್ರತಿ ಡಿಪಾರ್ಟ್‌ಮೆಂಟ್ ಹೆಡ್‌ಗೂ ಕೇಳಿ, ಎರಡು ದಿನ ಸಿಸ್ಟಮ್ ಇಲ್ಲ ಅಂದ್ರೆ ಯಾವ ಪುಸ್ತಕದಲ್ಲಿ ಬರೀತೀರಿ, ಆ ಪುಸ್ತಕ ಎಲ್ಲಿದೆ. ಇಆರ್‌ಪಿ ಇಲ್ಲದೇನೂ ಪೋರ್ಟಲ್‌ಗೆ ನೇರವಾಗಿ ಹೋಗಿ ಇ-ವೇ ಬಿಲ್ ಮಾಡಬಹುದು, ಆದ್ರೆ ಆ ಪಾಸ್‌ವರ್ಡ್ ಯಾರ ಹತ್ರ ಇದೆ, ಒಟಿಪಿ ಯಾವ ನಂಬರ್‌ಗೆ ಹೋಗುತ್ತೆ? ಬಿಟ್ಟುಹೋದ ಅಕೌಂಟೆಂಟ್ ಫೋನಿಗೆ ಹೋಗ್ತಿದ್ರೆ ಇವತ್ತೇ ಬದಲಾಯಿಸಿ.